ಎದುರುತ್ತರ ಕಲಿಯಲು ಮೆಲ್ಬರ್ನಿಗೆ

೨೦೦೭ರ ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನು ಸಿಡ್ನಿಯ ಸೆಂಟ್ರಲ್ ನಿಲ್ದಾಣದಲ್ಲಿ ಮೆಲ್ಬರ್ನಿಗೆ ಹೋಗುವ ಹಗಲು ರೈಲನ್ನು ಹತ್ತಿದೆ. ಎರಡು ನಗರಗಳ ನಡುವೆ ಸುಮಾರು ಒಂಬೈನೂರ ಐವತ್ತು ಕಿಲೋಮೀಟರ್ ರೈಲುದಾರಿಯಿದೆ. ವಿಮಾನದಲ್ಲಿ ಒಂದೂವರೆ ಗಂಟೆಯ ಪ್ರಯಾಣ; ರೈಲಿಗೆ ಬೆಳಗಿನಿಂದ ಸಂಜೆಯವರೆಗೆ ಬೇಕು. ವಿದ್ಯಾರ್ಥಿಗಳಿಗೆ ರೈಲಿನಲ್ಲಿ ರಿಯಾಯಿತಿ ದರವಿತ್ತು ಎಂಬುದು ಒಂದು ಕಾರಣ. ಇಡೀ ಹಗಲು ಯಾರ ಕರೆಯೂ ಇಲ್ಲದೆ ಓದಬಹುದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ನನ್ನ ಪತಿ ಮಂಜುನಾಥ ಪೆಂಡಲ್ ಹಿಲ್‌ನ ನಮ್ಮ ಬಾಡಿಗೆ ಮನೆಯಿಂದ ಚೀಲ ಹೊತ್ತುಕೊಂಡು ಪ್ಲಾಟ್‌ಫಾರ್ಮಿನವರೆಗೂ ಬಂದಿದ್ದರು. ನಾವಿಬ್ಬರೂ ರಾಣೇಬೆನ್ನೂರಿನವರು. ಸಿಡ್ನಿಗೆ ಬಂದು ಆರು ವರ್ಷಗಳಾಗಿದ್ದರೂ ಅವರ ಮಾತು ಊರಿನದೇ ಆಗಿ ಉಳಿದಿದೆ. ರೈಲು ಹೊರಡುವ ಮುನ್ನ ಅವರು ಕಿಟಕಿಯ ಬಳಿ ಬಾಗಿ, “ನನ್ನ ಕೂಡ ಎಷ್ಟ ಚೆಂದ ಜಗಳಾಡ್ತಿ. ಅದರಾಗ ಅರ್ಧಾ ಅಲ್ಲಿ ಆಡಿದ್ರ ಸಾಕು, ಪಾಸಾಗ್ತಿ,” ಎಂದರು. ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಮಾತು ಅಕ್ಷರಶಃ ನಿಜವಾಗಿತ್ತು.

ಓದುಗರಿಗೆ ಇದನ್ನು ವಿವರಿಸಬೇಕು. ನಾನು ಆಗ ಸಿಡ್ನಿಯ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನು ಮುಖ್ಯ ವಿಷಯವಾಗಿಯೂ ಯೆಹೂದಿ ಅಧ್ಯಯನವನ್ನು ಉಪವಿಷಯವಾಗಿಯೂ ತೆಗೆದುಕೊಂಡು ಬಿ.ಎ. ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ನನ್ನ ತಂದೆ, ಮಗಳಿಗೆ ಈ ವರ್ಷ ಪದವಿ ಕೊಡುತ್ತಾರೆಂದು ಡಿಪೋದಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಉಳಿದಿದ್ದುದು ಉಪವಿಷಯದ ಕೊನೆಯ ಒಂದು ಪತ್ರಿಕೆ. ಅದನ್ನು ಎರಡು ವರ್ಷಗಳಿಗೊಮ್ಮೆ ಮಾತ್ರ ನಡೆಸುತ್ತಿದ್ದರು. ಅದರಲ್ಲಿ ಅನುತ್ತೀರ್ಣಳಾದರೆ ನನ್ನ ತಂದೆ ಇನ್ನೆರಡು ವರ್ಷ ಡಿಪೋದ ಕಡೆ ತಲೆ ಹಾಕುವಂತಿರಲಿಲ್ಲ.

ಈ ಉಪವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳದವರಿಲ್ಲ. ನಾನು ಸಿಡ್ನಿಯ ಪೂರ್ವ ಭಾಗದಲ್ಲಿ ಯೆಹೂದಿ ವೃದ್ಧರ ವಸತಿಗೃಹವೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಮಾಂಸದ ಅಡುಗೆಗೆ ಒಂದು ಸಾಲು ಪಾತ್ರೆ, ಹಾಲಿನ ಅಡುಗೆಗೆ ಇನ್ನೊಂದು ಸಾಲು. ತೊಳೆಯುವ ತೊಟ್ಟಿಗಳೂ ಬೇರೆ ಬೇರೆ. ಇತರ ಕೆಲಸಗಾರರು ಇದನ್ನು ಕಲಿಯಲು ವಾರಗಟ್ಟಲೆ ಒದ್ದಾಡುತ್ತಿದ್ದರು. ಮುಸುರೆ ಪಾತ್ರೆ ಬೇರೆ, ಮಡಿಯ ಪಾತ್ರೆ ಬೇರೆ ಎಂದು ಕೇಳಿಯೇ ಬೆಳೆದ ನನಗೆ ಅದು ಮೊದಲ ದಿನವೇ ಅರ್ಥವಾಯಿತು. ಹೇಗೆ ಎಂಬುದು ತಿಳಿದಿದ್ದರೂ ಏಕೆ ಎಂಬುದು ತಿಳಿದಿರಲಿಲ್ಲ. ಅದನ್ನು ತಿಳಿಯಲೆಂದೇ ಒಂದು ಪತ್ರಿಕೆಗೆ ಸೇರಿದೆ. ಒಂದು ಹೋಗಿ ನಾಲ್ಕಾಯಿತು.

ಕಷ್ಟ ಶುರುವಾದದ್ದು ಬೇರೆ ಕಡೆ. ನಾನು ಊರಿನಲ್ಲಿ ಕಲಿತದ್ದು ಓದಿ, ನೆನಪಿಟ್ಟು, ತಪ್ಪಿಲ್ಲದೆ ಬರೆಯುವುದನ್ನು. ಹಿಂದಿನ ಪ್ರಬಂಧವೊಂದರ ಕೊನೆಯಲ್ಲಿ ನಮ್ಮ ಅಧ್ಯಾಪಕಿ ಎರಡೇ ವಾಕ್ಯ ಬರೆದಿದ್ದರು: “ಎಲ್ಲವೂ ಸರಿಯಾಗಿದೆ. ಇದರಲ್ಲಿ ನೀವು ಎಲ್ಲಿದ್ದೀರಿ?” ಅಂಕಗಳು ಉತ್ತೀರ್ಣತೆಯ ಗೆರೆಯನ್ನು ಮುಟ್ಟಿದ್ದವು, ದಾಟಿರಲಿಲ್ಲ. ಈ ಕೊನೆಯ ಪತ್ರಿಕೆಯಲ್ಲಂತೂ ಬರೆಯುವುದೇ ಇರಲಿಲ್ಲ. ಯೆಹೂದಿಗಳು ತಮ್ಮ ಧರ್ಮನ್ಯಾಯದ ಹಳೆಯ ಪಠ್ಯವನ್ನು ಒಬ್ಬರೇ ಕುಳಿತು ಓದುವುದಿಲ್ಲ. ಇಬ್ಬರು ಎದುರುಬದುರು ಕುಳಿತು, ಗಟ್ಟಿಯಾಗಿ ಓದಿ, ಸಾಲು ಸಾಲಿಗೂ ವಾದಿಸುತ್ತಾರೆ. ಈ ಜೋಡಿ ಓದಿಗೆ ಹವ್ರುತಾ ಎಂದು ಹೆಸರು. ಮೆಲ್ಬರ್ನಿನ ಒಂದು ಸಮುದಾಯ ಕೇಂದ್ರದಲ್ಲಿ ಮೂರು ದಿನ ಅಲ್ಲಿನ ಹಿರಿಯರೊಬ್ಬರ ಜೊತೆ ಹೀಗೆ ಓದಬೇಕು. ಕೊನೆಯ ದಿನ ಅಧ್ಯಾಪಕಿ ಇಬ್ಬರನ್ನೂ ಕೂರಿಸಿ ಒಂದೇ ವಿಷಯ ಕೇಳುತ್ತಾರೆ: ನಿಮ್ಮಷ್ಟಕ್ಕೆ ಹೊಳೆಯದಿದ್ದ ಯಾವ ಪ್ರಶ್ನೆಯನ್ನು ನಿಮ್ಮ ಜೊತೆಗಾರರು ಎತ್ತಿದರು? ಅಂದರೆ, ನನ್ನ ಫಲಿತಾಂಶ ನಾನು ಕೊಡುವ ಉತ್ತರದಲ್ಲಿರಲಿಲ್ಲ. ಒಬ್ಬ ಅಪರಿಚಿತ ವೃದ್ಧರನ್ನು ನಾನು ಎಷ್ಟು ಕಾಡಿದೆ ಎಂಬುದರಲ್ಲಿತ್ತು.

ಗೌಲ್ಬರ್ನ್ ದಾಟಿದ ಮೇಲೆ ಬಯಲು ತೆರೆದುಕೊಂಡಿತು. ಆ ವರ್ಷ ಮಳೆ ಕೈಕೊಟ್ಟಿತ್ತು. ಹೊಲದಂಚಿನ ಕೆರೆಗಳಲ್ಲಿ ಕೆಸರಿನ ವೃತ್ತಗಳು ಮಾತ್ರ ಕಾಣುತ್ತಿದ್ದವು. ಕುರಿಗಳು ನೆಲದ ಬಣ್ಣಕ್ಕೇ ತಿರುಗಿದ್ದವು. ನನ್ನ ಪಕ್ಕದಲ್ಲಿ ಲುಧಿಯಾನದ ಒಬ್ಬ ಯುವಕ ಕುಳಿತಿದ್ದ. ಮೆಲ್ಬರ್ನಿನಲ್ಲಿ ಅಡುಗೆಯ ಕೋರ್ಸ್ ಮಾಡುತ್ತಿದ್ದವನು. ನಾನು ಏನು ಓದುತ್ತಿದ್ದೇನೆಂದು ಹಿಂದಿಯಲ್ಲಿ ಕೇಳಿದ. ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, “ದೀದಿ, ಇದಕ್ಕೆ ಪಿಆರ್ ಪಾಯಿಂಟ್ ಬರುತ್ತಾ?” ಎಂದ. ಬರುವುದಿಲ್ಲ, ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ನನಗೆ ಈಗಾಗಲೇ ಇದೆ ಎಂದೆ. ಹಾಗಾದರೆ ಓದುವುದೇಕೆ ಎಂಬುದು ಅವನ ಮುಖದಲ್ಲಿತ್ತು. ಅವನಿಗೆ ಅಡುಗೆಯಲ್ಲಿ ಆಸಕ್ತಿ ಇದೆಯೇ ಎಂದು ಕೇಳಿದಾಗ, ಮೊಟ್ಟೆ ಒಡೆಯುವುದನ್ನೂ ಇಲ್ಲಿಗೆ ಬಂದೇ ಕಲಿತದ್ದು ಎಂದ. ವಾಗಾ ವಾಗಾ ಬಂದಾಗ ತನ್ನ ಪರಾಠಾದ ಪೊಟ್ಟಣ ಬಿಚ್ಚಿ ಅರ್ಧ ನನಗೆ ಕೊಟ್ಟ. ಪರಾಠಾ ಚೆನ್ನಾಗಿತ್ತು, ಸಿಡ್ನಿಯ ಅವನ ಗೆಳೆಯನೊಬ್ಬ ಮಾಡಿದ್ದಂತೆ.

ಸಂಜೆ ಸದರ್ನ್ ಕ್ರಾಸ್ ನಿಲ್ದಾಣದಲ್ಲಿಳಿದಾಗ ಸಿಡ್ನಿಯಲ್ಲಿಲ್ಲದ ಚಳಿ ಕಿವಿಗೆ ತಾಗಿತು. ಹೊಸದಾಗಿ ಕಟ್ಟಿದ ಅಲೆಯಂಥ ಚಾವಣಿಯ ಕೆಳಗೆ ಸುಮಾ ಆಂಟಿ ಕಾಯುತ್ತಿದ್ದರು. ಅವರು ಮೈಸೂರಿನವರು, ಬಾಕ್ಸ್ ಹಿಲ್‌ನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ. ಸಿಡ್ನಿಯಲ್ಲಿದ್ದಾಗ ನಮ್ಮ ಮೇಲ್ಮನೆಯವರಾಗಿದ್ದರು. ಅವರ ಪತಿ ಕಂಪನಿಯ ಕೆಲಸಕ್ಕಾಗಿ ಪರ್ತ್‌ಗೆ ಹೋಗಿದ್ದರು. ಮನೆಯಲ್ಲಿ ಹತ್ತು ವರ್ಷದ ಮಗಳು ನಿಧಿ ಇದ್ದಳು. ಸ್ನಾನದ ಮನೆಯಲ್ಲಿ ನಾಲ್ಕು ನಿಮಿಷದ ಮರಳುಗಡಿಯಾರ ಅಂಟಿಸಿದ್ದರು. ನೀರಿನ ಕಟ್ಟುನಿಟ್ಟು ಅಷ್ಟಿತ್ತು. ಊಟಕ್ಕೆ ಬಿಸಿ ಸಾರು, ಹುರುಳಿಕಾಯಿ ಪಲ್ಯ. ನಿಧಿಗೆ ಆಂಟಿ ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು. ಮೊಸರನ್ನ ತಿನ್ನದಿದ್ದರೆ ಶಕ್ತಿ ಬರುವುದಿಲ್ಲ ಎಂದಾಗ ಅವಳು, “ಅಮ್ಮಾ, ದಟ್ ಡಸಂಟ್ ಮೇಕ್ ಸೆನ್ಸ್. ಐ ಜಸ್ಟ್ ಏಟ್ ರೈಸ್,” ಎಂದು ಒಂದೊಂದೇ ಕಾರಣ ಕೊಡತೊಡಗಿದಳು.

“ನೋಡು ಗಿರಿಜಾ, ಎದುರುತ್ತರ ಕೊಡೋದೊಂದು ಚೆನ್ನಾಗಿ ಕಲ್ತಿದೆ ಇದು,” ಎಂದರು ಆಂಟಿ.

ನಾನು ಅದನ್ನು ಕಲಿಯಲೆಂದೇ ಇಷ್ಟು ದೂರ ಬಂದಿದ್ದೇನೆ ಎಂದು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆಂಟಿ ನನಗೆ ಚಿತ್ರಾನ್ನ ಕಟ್ಟಿಕೊಟ್ಟರು. ಕೇಂದ್ರದವರು ಹೊರಗಿನ ಆಹಾರವನ್ನು ಒಳಗೆ ತೆರೆಯಬಾರದೆಂದು ಮೊದಲೇ ತಿಳಿಸಿದ್ದರು; ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಎದುರಿನ ಉದ್ಯಾನದಲ್ಲಿ ತಿನ್ನುತ್ತೇನೆ ಎಂದೆ. ಡಬ್ಬಿ ಸ್ಟೀಲಿನದು, ಎರಡು ಕಡೆ ಕೊಕ್ಕೆಯಿರುವಂಥದು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಗಂಗಮ್ಮ ಪುಟ್ಟಸ್ವಾಮಿ’ ಎಂದು ಕೆತ್ತಿತ್ತು. ಯಾರು ಎಂದು ಕೇಳಿದೆ. ಮೈಸೂರಿನ ಮನೆಯ ಹಿಂದಿನ ಬೀದಿಯವರು, ಹೂ ಕಟ್ಟಿ ಮಾರುತ್ತಿದ್ದವರು, ಮದುವೆಗೆ ಉಡುಗೊರೆ ಕೊಟ್ಟದ್ದು ಎಂದರು. “ವಾಪಸ್ ತಗೊಂಡ್ಬಾ ಕಣೇ,” ಎಂದೂ ಹೇಳಿದರು.

ಬಾಕ್ಸ್ ಹಿಲ್‌ನಿಂದ ರಿಚ್ಮಂಡಿಗೆ ಒಂದು ರೈಲು, ಅಲ್ಲಿಂದ ಬದಲಿಸಿ ಬಾಲಕ್ಲಾವಾಕ್ಕೆ ಇನ್ನೊಂದು. ಬೀದಿಯಲ್ಲಿ ಭಾನುವಾರದ ಬೇಕರಿಗಳ ಮುಂದೆ ಸಾಲು ನಿಂತಿತ್ತು. ಕಪ್ಪು ಟೋಪಿಯ ತಂದೆಯರು ಮಕ್ಕಳ ಗಾಡಿ ತಳ್ಳುತ್ತ ಹೋಗುತ್ತಿದ್ದರು. ಕೇಂದ್ರದ ಗೇಟಿನಲ್ಲಿ ಕಾವಲುಗಾರ ನನ್ನ ಚೀಲ ನೋಡಿ, ಡಬ್ಬಿ ಒಳಗೇ ಇರಲಿ, ತೆರೆಯಬೇಡಿ ಎಂದ. ಓದುವ ಕೋಣೆಯಲ್ಲಿ ಹತ್ತಾರು ಮೇಜುಗಳಿದ್ದವು. ಎಲ್ಲ ಕಡೆಯೂ ಏಕಕಾಲಕ್ಕೆ ಮಾತು. ಗ್ರಂಥಾಲಯದ ಮೌನವನ್ನು ನಿರೀಕ್ಷಿಸಿದ್ದ ನನಗೆ ಸಂತೆಗೆ ಬಂದಂತಾಯಿತು.

ನನ್ನ ಜೊತೆಗಾರರ ಹೆಸರು ಹೆನ್ರಿ. ವಯಸ್ಸು ಎಂಬತ್ತರ ಹತ್ತಿರ. ನಗರದಲ್ಲಿ ನಲವತ್ತು ವರ್ಷ ಹೆಂಗಸರ ಕೋಟುಗಳ ಅಂಗಡಿ ನಡೆಸಿ ನಿವೃತ್ತರಾದವರು. ಅವರು ನನ್ನನ್ನು ಕರೆದ ಇಂಗ್ಲಿಷಿನ ‘ಯೂ’ ಎಂಬುದನ್ನು ನಾನು ಇಲ್ಲಿ ‘ನೀನು’ ಎಂದು ಬರೆಯುತ್ತೇನೆ; ಅವರ ವಯಸ್ಸಿಗೆ ಅದೇ ಒಪ್ಪುತ್ತದೆ. ನಾನು ಅವರನ್ನು ಸರ್ ಎಂದೆ. ಹೆನ್ರಿ ಎಂದು ಕರೆಯಲು ಹೇಳಿದರು. ಆಗಲಿ ಸರ್ ಎಂದೆ.

ನಮಗೆ ಕೊಟ್ಟಿದ್ದ ಪುಟ ಕಳೆದುಹೋದ ವಸ್ತುಗಳ ವಿಷಯದ್ದು. ದಾರಿಯಲ್ಲಿ ಒಂದು ವಸ್ತು ಸಿಕ್ಕರೆ ಅದು ಯಾರದು? ಗುರುತಿದ್ದರೆ ಸಾರಿ ಹೇಳಿ ಒಡೆಯನನ್ನು ಹುಡುಕಬೇಕು. ಗುರುತಿಲ್ಲದಿದ್ದರೆ, ಒಡೆಯ ಅದರ ಆಸೆ ಬಿಟ್ಟಿರುತ್ತಾನೆ ಎಂದು ಭಾವಿಸಿ ಸಿಕ್ಕವರು ಇಟ್ಟುಕೊಳ್ಳಬಹುದು. ಆಸೆ ಬಿಟ್ಟೆನೆಂದು ಒಡೆಯನೇ ಹೇಳಿದ್ದು ತಿಳಿದರಂತೂ ವಿಷಯ ಮುಗಿಯಿತು. ಸಾರಾಂಶ ಇಷ್ಟೇ, ಆದರೆ ಪ್ರತಿ ಪದದ ಸುತ್ತಲೂ ಶತಮಾನಗಳ ಜಗಳವಿದೆ. ನಾನು ಆ ಜಗಳವನ್ನೆಲ್ಲ ಬಾಯಿಪಾಠ ಮಾಡಿದ್ದೆ. ಹೆನ್ರಿ ಒಂದು ಸಾಲು ಓದಿ ಅರ್ಥ ಹೇಳುತ್ತಿದ್ದರು. ಸರಿಯೇ ಎಂದು ಕೇಳುತ್ತಿದ್ದರು. ಹೌದು ಸರ್ ಎನ್ನುತ್ತಿದ್ದೆ. ಅವರು ಬೇಕೆಂದೇ ಅದಕ್ಕೆ ವಿರುದ್ಧವಾದ ಅರ್ಥ ಹೇಳಿದರು. ಅದಕ್ಕೂ ಹೌದು ಎಂದೆ; ಅಂಥ ಅಭಿಪ್ರಾಯವೂ ಇದೆಯೆಂದು ಆಧಾರ ಸಹಿತ ತಿಳಿಸಿದೆ.

ಹೆನ್ರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕನ್ನಡಿ ನನ್ನ ಮನೆಯಲ್ಲೇ ಇದೆ. ಅದನ್ನು ನೋಡಲು ಇಷ್ಟು ದೂರ ಬರಬೇಕಾಗಿರಲಿಲ್ಲ,” ಎಂದರು.

ಹಿರಿಯರು ಹೇಳಿದ್ದನ್ನು ಅವರ ಮುಖದೆದುರೇ ಅಲ್ಲಗಳೆಯುವುದು ನನಗೆ ಗೊತ್ತಿರಲಿಲ್ಲ. ರಾಣೇಬೆನ್ನೂರಿನ ಶಾಲೆಯಲ್ಲಿ ಹಾಗೆ ಮಾಡಿದ್ದರೆ ಮರುದಿನ ಅಪ್ಪನನ್ನು ಕರೆಸುತ್ತಿದ್ದರು. ಮಧ್ಯಾಹ್ನ ಉದ್ಯಾನದ ಬೆಂಚಿನ ಮೇಲೆ ಚಿತ್ರಾನ್ನ ತಿನ್ನುತ್ತ, ಮನಸ್ಸಿನಲ್ಲೇ ಹತ್ತು ಬಗೆಯ ‘ಇಲ್ಲ’ಗಳನ್ನು ಅಭ್ಯಾಸ ಮಾಡಿದೆ. ಒಳಗೆ ಹೋದಾಗ ಒಂದೂ ಹೊರಡಲಿಲ್ಲ.

ಸಂಜೆ ವಾಪಸು ಬರುವಾಗ, ನಾಳೆ ಏನಾದರೂ ಸರಿಯೇ ಎಂದು ಹಟ ಹಿಡಿದು ಟಿಪ್ಪಣಿಗಳನ್ನು ರೈಲಿನಲ್ಲೇ ತೆರೆದೆ. ಅವು ಚೀಲದ ತಳದಲ್ಲಿದ್ದವು. ಮೇಲಿದ್ದ ಡಬ್ಬಿಯನ್ನು ಪಕ್ಕದ ಆಸನದ ಮೇಲಿಟ್ಟೆ. ರಿಚ್ಮಂಡ್ ಬಂದದ್ದು ಬಾಗಿಲು ತೆರೆದಾಗಲೇ ಗೊತ್ತಾಯಿತು. ಹಾಳೆಗಳನ್ನು ಎದೆಗೊತ್ತಿಕೊಂಡು ಇಳಿದೆ. ಬಾಕ್ಸ್ ಹಿಲ್‌ನಲ್ಲಿ ಮನೆಯ ಬಾಗಿಲು ತಟ್ಟಿದಾಗ ಚೀಲ ಹಗುರವಾಗಿರುವುದು ತಿಳಿಯಿತು.

ಡಬ್ಬಿಯನ್ನು ರೈಲಿನಲ್ಲೇ ಬಿಟ್ಟದ್ದನ್ನು ಸುಮಾ ಆಂಟಿಗೆ ಹೇಳಿದೆ. “ಹೋಗ್ಲಿ ಬಿಡು, ಒಂದು ಡಬ್ಬಿ ತಾನೆ. ಕೈಕಾಲು ತೊಳ್ಕೊ, ಕಾಫಿ ಮಾಡ್ತೀನಿ,” ಎಂದರು. ಮತ್ತೆ ಅದರ ಮಾತೆತ್ತಲಿಲ್ಲ. ಆದರೆ ಪಾತ್ರೆ ಜೋಡಿಸುವಾಗ ಕಪಾಟಿನಲ್ಲಿ ಆ ಡಬ್ಬಿಯ ಜಾಗವನ್ನು ಹಾಗೆಯೇ ಬಿಟ್ಟು ಉಳಿದವನ್ನು ಅತ್ತಿತ್ತ ಇಟ್ಟದ್ದನ್ನು ನಾನು ನೋಡಿದೆ.

ಸೋಮವಾರ ಬೇಗ ಹೊರಟು, ನಗರದ ಮುಖ್ಯ ನಿಲ್ದಾಣದಲ್ಲಿ ಕಳೆದ ವಸ್ತುಗಳ ಕೌಂಟರಿಗೆ ಹೋದೆ. ಅಲ್ಲಿನ ಸಿಬ್ಬಂದಿ ಸೌಜನ್ಯದವರು. ಹಿಂದೆ ಕೊಡೆಗಳ ಒಂದು ರಾಶಿಯೇ ಇತ್ತು. ಸ್ಟೀಲ್ ಡಬ್ಬಿ, ಮೇಲೆ ಹೆಸರಿದೆ ಎಂದೆ. ಹೆಸರಿದ್ದರೆ ಸುಲಭ ಎಂದು ಅವರು ಸಂತೋಷಪಟ್ಟು, ಅದು ನಿಮ್ಮ ಹೆಸರೇ ಎಂದು ಕೇಳಿದರು. ಅಲ್ಲ ಎಂದೆ. ಡಬ್ಬಿಯ ಒಡತಿಯದೇ? ಅದೂ ಅಲ್ಲ. ಹಾಗಾದರೆ ಯಾರದು? ಕೊಟ್ಟವರದು ಎಂದೆ. ನಮ್ಮ ಕಡೆ ಉಡುಗೊರೆಯ ಪಾತ್ರೆಯ ಮೇಲೆ ಪಡೆದವರ ಹೆಸರಲ್ಲ, ಕೊಟ್ಟವರ ಹೆಸರು ಹಾಕಿಸುವುದು ವಾಡಿಕೆ ಎಂದು ವಿವರಿಸಿದೆ. “ಅಂದರೆ ಅದರ ಮೇಲೆ ಹೆಸರಿರುವ ಒಬ್ಬರಿಗೆ ಮಾತ್ರ ಅದನ್ನು ಕೊಡುವಂತಿಲ್ಲ,” ಎಂದು ಅವರು ಗಂಭೀರವಾಗಿಯೇ ಹೇಳಿದರು. ಡಬ್ಬಿ ಇನ್ನೂ ಬಂದಿರಲಿಲ್ಲ. ಬರಲು ಕೆಲವೊಮ್ಮೆ ದಿನಗಳು ಹಿಡಿಯುತ್ತವೆ ಎಂದರು.

ಓದುವ ಕೋಣೆ ತಲುಪಿದಾಗ ಹತ್ತು ನಿಮಿಷ ತಡವಾಗಿತ್ತು. ಹೆನ್ರಿ ಕಾರಣ ಕೇಳಲಿಲ್ಲ. ಪುಟ ತೆರೆದು ನಿಲ್ಲಿಸಿದ್ದ ಕಡೆಯಿಂದ ಶುರುಮಾಡಿದರು. ಒಡೆಯ ತಾನು ಆಸೆ ಬಿಟ್ಟೆನೆಂದು ಬಾಯಿಬಿಟ್ಟು ಹೇಳಿದರೆ ವಸ್ತು ಸಿಕ್ಕವನದಾಗುತ್ತದೆ, ಸರಿಯೇ? ನನ್ನ ತಲೆ ಅಭ್ಯಾಸಬಲದಿಂದ ಆಡಿತು. ಹೌದು ಎಂದು ಅರ್ಧ ಹೇಳಿ ನಿಂತೆ. ಕಪಾಟಿನ ಖಾಲಿ ಜಾಗ ಕಣ್ಣಿಗೆ ಬಂತು.

“ಇಲ್ಲ, ಸರ್,” ಎಂದೆ.

“ಏನು ಇಲ್ಲ?”

ಡಬ್ಬಿ ಕಳೆದದ್ದನ್ನು ಹೇಳಿದೆ. ಒಡತಿ ಏನೆಂದಳು ಎಂದು ಕೇಳಿದರು. ಅವಳ ಭಾಷೆಯಲ್ಲೇ ಹೇಳು ಎಂದರು. ‘ಹೋಗ್ಲಿ ಬಿಡು’ ಎಂದು ಹೇಳಿ, ಅದರ ಅರ್ಥ ತಿಳಿಸಿದೆ. ಅವರು ಆ ಎರಡು ಪದಗಳನ್ನು ತೊದಲಿ ನೋಡಿದರು.

“ಹಾಗಾದರೆ ತೀರ್ಮಾನವಾಯಿತು. ಆಸೆ ಬಿಟ್ಟಿದ್ದಾಳೆ. ಡಬ್ಬಿ ಸಿಕ್ಕವನದು.”

“ಅವರು ಬಿಟ್ಟಿಲ್ಲ. ನನ್ನೆದುರಿಗೆ ಹಾಗೆಂದರು, ಅಷ್ಟೇ. ಕಳೆದವಳು ನಾನು, ಅವರ ಮನೆಯ ಅತಿಥಿ. ನನ್ನ ಮುಖ ನೋಡಿಕೊಂಡು ಅವರು ಬೇರೇನು ಹೇಳಲು ಸಾಧ್ಯ?”

ಹೆನ್ರಿ ಮುಂದಕ್ಕೆ ಬಾಗಿದರು. ಮನಸ್ಸಿನಲ್ಲಿರುವುದು ನ್ಯಾಯಾಧೀಶನಿಗೆ ಕಾಣುವುದಿಲ್ಲ, ಆಡಿದ ಮಾತೇ ಅವನಿಗಿರುವ ಸಾಕ್ಷಿ, ಆಡಿದ ಮಾತನ್ನು ನಂಬದಿದ್ದರೆ ಬೀದಿಯಲ್ಲಿ ಒಂದು ವ್ಯಾಪಾರವೂ ನಡೆಯುವುದಿಲ್ಲ ಎಂದರು. ನಲವತ್ತು ವರ್ಷ ಅಂಗಡಿ ನಡೆಸಿದವರ ಧ್ವನಿ ಅದು. ಆದರೂ ಬಿಡಬಾರದೆಂದು ನಿರ್ಧರಿಸಿದೆ.

“ನಮ್ಮಲ್ಲಿ ಮೊದಲ ಸಲ ಆಡಿದ ಮಾತನ್ನು ಯಾರೂ ನಂಬುವುದಿಲ್ಲ,” ಎಂದೆ. “ಊಟಕ್ಕೆ ಕುಳಿತವರು ಸಾಕು ಎಂದರೆ ನಾವು ಇನ್ನೊಂದು ಸೌಟು ಬಡಿಸುತ್ತೇವೆ. ಸಾಕು ಎಂದದ್ದನ್ನು ನಂಬಿ ಮುಂದೆ ಹೋದರೆ, ಆ ಮನೆಯವರಿಗೆ ಬಡಿಸಲು ಬರುವುದಿಲ್ಲ ಎನ್ನುತ್ತಾರೆ.”

“ನಿಜವಾಗಿ ಹೊಟ್ಟೆ ತುಂಬಿದವನು ಏನು ಮಾಡಬೇಕು? ಸಾಯಬೇಕೇ?”

“ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು.” ನಾನು ಮೇಜಿನ ಮೇಲೆ ಹಿಡಿದು ತೋರಿಸಿದೆ. “ಕೆಲವರು ಬೆರಳ ಸಂದಿಯಲ್ಲೂ ಬಡಿಸುತ್ತಾರೆ.”

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೆನ್ರಿ ನಕ್ಕರು. ಆದರೆ ಸೋಲಲಿಲ್ಲ. ಕೈ ಅಡ್ಡ ಹಿಡಿಯುವುದು ಕ್ರಿಯೆ. ಹಾಗಾದರೆ ಮಾತನ್ನು ಬಿಟ್ಟು ಕ್ರಿಯೆಯನ್ನು ನೋಡಬೇಕೆನ್ನುತ್ತೀಯಾ, ನಿನ್ನ ಆಂಟಿಯ ಕ್ರಿಯೆ ಯಾವುದು ಎಂದು ಕೇಳಿದರು. ಕಪಾಟಿನಲ್ಲಿ ಜಾಗ ಖಾಲಿ ಬಿಟ್ಟದ್ದನ್ನು ಹೇಳಿದೆ. ಅದು ಸೋಮಾರಿತನವೂ ಇರಬಹುದು ಎಂದರು. ಅವರನ್ನು ಕಂಡಿದ್ದರೆ ನೀವು ಹಾಗೆನ್ನುತ್ತಿರಲಿಲ್ಲ ಎಂದೆ. ಹೀಗೆ ಮಧ್ಯಾಹ್ನದವರೆಗೂ ನಡೆಯಿತು. ನಾನು ಬಾಯಿಪಾಠ ಮಾಡಿದ್ದ ಮತಗಳು ಒಂದೊಂದಾಗಿ ನೆನಪಾದವು, ಈ ಸಲ ಆಯುಧಗಳ ಹಾಗೆ.

ಊಟಕ್ಕೆ ಏಳುವ ಮುನ್ನ ಅವರು ಏನೋ ಹೊಳೆದವರಂತೆ ನನ್ನನ್ನು ನೋಡಿದರು.

“ನಿನ್ನೆ ಇಡೀ ದಿನ ನನಗೆ ಹೌದು ಎಂದೆಯಲ್ಲ?”

ಸುಳ್ಳು ಹೇಳಲು ದಾರಿಯಿರಲಿಲ್ಲ. “ಅದೂ ಸಾಕು ಎಂದ ಹಾಗೆಯೇ, ಸರ್,” ಎಂದೆ.

ಹೆನ್ರಿ ಹಾಳೆಗಳನ್ನು ಹಿಂದಕ್ಕೆ ತಿರುವಿ ನಿನ್ನೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಊಟವಾದ ಮೇಲೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಓದಿದೆವು.

ಮಂಗಳವಾರ ಬೆಳಿಗ್ಗೆ ಮಳೆಯಂತೆ ತೋರಿ ಮಳೆಯಾಗಲಿಲ್ಲ. ಪರೀಕ್ಷೆ ಒಂದು ಚಿಕ್ಕ ಕೋಣೆಯಲ್ಲಿತ್ತು. ಸಿಡ್ನಿಯಿಂದ ಬಂದಿದ್ದ ನಮ್ಮ ಅಧ್ಯಾಪಕಿ ಮೊದಲು ಹೆನ್ರಿಯವರನ್ನು ಕೇಳಿದರು. ಅವರು ಹೀಗೆಂದರು: “ಎದುರಿಗಿರುವವರಿಗೆ ನೋವಾಗದಿರಲೆಂದು ಒಡತಿ ‘ಹೋಗಲಿ ಬಿಡು’ ಎಂದರೆ, ಅದು ಆಸೆ ಬಿಟ್ಟ ಮಾತಾಗುತ್ತದೆಯೇ? ಈ ಪುಟವನ್ನು ನಾನು ಹುಡುಗನಾಗಿದ್ದಾಗಿನಿಂದ ಓದುತ್ತಿದ್ದೇನೆ. ಇದನ್ನು ಕೇಳಿಕೊಂಡಿರಲಿಲ್ಲ.” ಅಷ್ಟಕ್ಕೇ ನಿಲ್ಲದೆ ಅವರು ಮುಂದುವರಿಸಿದರು: “ಆಗುತ್ತದೆ ಎಂಬುದು ನನ್ನ ನಿಲುವು. ಈಕೆಯ ವಾದ ತಪ್ಪು.”

ಅಧ್ಯಾಪಕಿ ನನ್ನ ಕಡೆ ತಿರುಗಿದರು. ಹಿರಿಯರು ನನ್ನನ್ನು ಹೊಗಳಿದ್ದಾರೆ. ಈಗ ತಲೆದೂಗಿ ಸುಮ್ಮನಾದರೆ ಎಲ್ಲರಿಗೂ ಸಮಾಧಾನ ಎಂದು ನನ್ನೊಳಗಿನ ಹಳೆಯ ವಿದ್ಯಾರ್ಥಿನಿ ಹೇಳಿದಳು. ಅವಳ ಮಾತನ್ನು ಕೇಳಲಿಲ್ಲ.

“ಇಲ್ಲ, ಹೆನ್ರಿ,” ಎಂದೆ. ಹೆಸರು ಹಿಡಿದು ಕರೆದದ್ದು ನನ್ನ ಕಿವಿಗೇ ಅಪರಿಚಿತವಾಗಿ ಕೇಳಿಸಿತು. ಆಡಿದ ಮಾತು ಯಾರ ಎದುರು ಆಡಿದ್ದು ಎಂಬುದನ್ನು ನೋಡದೆ ಅದನ್ನು ಸಾಕ್ಷಿಯೆಂದು ತೆಗೆದುಕೊಳ್ಳುವ ನ್ಯಾಯಾಧೀಶ ಅರ್ಧ ಸಾಕ್ಷಿಯನ್ನಷ್ಟೇ ಕೇಳಿದಂತೆ ಎಂದೆ. ಅವರು ಕೂಡಲೇ ಉತ್ತರಿಸಿದರು. ನಾನೂ ಉತ್ತರಿಸಿದೆ.

ಅಧ್ಯಾಪಕಿ ತಮ್ಮ ಪೆನ್ನಿನ ಮುಚ್ಚಳ ಹಾಕಿ, ತಮಗೆ ಬೇಕಾದದ್ದು ಸಿಕ್ಕಿತು, ಉಳಿದದ್ದನ್ನು ಹೊರಗೆ ಮುಂದುವರಿಸಿ ಎಂದರು. ಬಾಗಿಲ ಬಳಿ ನನಗೆ ಮಾತ್ರ ಕೇಳುವಂತೆ, ಮನೆಗೆ ಫೋನ್ ಮಾಡಬಹುದು ಎಂದರು. ರಾಣೇಬೆನ್ನೂರಿನಲ್ಲಿ ಆಗ ಬೆಳಗಿನ ಜಾವ. ಅಪ್ಪ ಫೋನ್ ಎತ್ತಿ ವಿಷಯ ಕೇಳಿ, “ಹಂಗಾರ ಇವತ್ತ ಡಿಪೋಕ್ಕ ಹೋಗಿ ಬರ್ತೀನವ್ವಾ,” ಎಂದಷ್ಟೇ ಹೇಳಿದರು.

ಬುಧವಾರ ಬೆಳಿಗ್ಗೆ ವಾಪಸು ಹೊರಡಬೇಕಿತ್ತು. ಸುಮಾ ಆಂಟಿ ರೈಲಿಗೆಂದು ಪುಳಿಯೋಗರೆಯನ್ನು ಹೋಟೆಲಿನಿಂದ ಬಂದಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ತುಂಬುತ್ತಿದ್ದರು. ಅವರ ಹಿಂದೆ ಕಪಾಟಿನ ಬಾಗಿಲು ತೆರೆದಿತ್ತು. ಜಾಗ ಖಾಲಿಯೇ ಇತ್ತು. ಡಬ್ಬಿಯ ವಿಷಯ ನಾನು ಎತ್ತುವ ಮೊದಲೇ ಅವರು, “ಅದನ್ನೇ ಯೋಚ್ನೆ ಮಾಡ್ಬೇಡ ನೀನು. ಹೋಗ್ಲಿ ಬಿಡು ಅಂದೆನಲ್ಲ,” ಎಂದರು.

ಹೆನ್ರಿಯವರ ಎದುರು ಇಂಗ್ಲಿಷಿನಲ್ಲಿ ಹೇಳುವುದು ಒಂದು. ನನಗಿಂತ ಹದಿನೈದು ವರ್ಷ ದೊಡ್ಡವರಿಗೆ, ಅವರ ಅಡುಗೆಮನೆಯಲ್ಲಿ ನಿಂತು, ಕನ್ನಡದಲ್ಲಿ ಹೇಳುವುದು ಇನ್ನೊಂದು. ಆದರೂ ಹೇಳಿದೆ.

“ಇಲ್ಲ ಆಂಟಿ. ನೀವು ಬಿಟ್ಟಿಲ್ಲ.”

ಅವರ ಕೈಯ ಚಮಚ ನಿಂತಿತು. ಊಟದ ಮೇಜಿನಿಂದ ನಿಧಿ, “ಅಮ್ಮ ಸ್ಟೇಷನ್‌ಗೆ ಫೋನ್ ಕೂಡ ಮಾಡಿದ್ರು. ಟ್ವೈಸ್,” ಎಂದಳು. ಅವಳು ಅಷ್ಟುದ್ದದ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸುಮ್ನಿರೇ ನೀನು,” ಎಂದರು ಆಂಟಿ. ಅನಂತರ ನನ್ನ ಕಡೆ ನೋಡದೆಯೇ ಹೇಳಿದರು: “ಬೇಕು ಕಣೇ. ಗಂಗಮ್ಮ ನನ್ನ ಮದ್ವೇಗೆ ಹೂವಿನ ದುಡ್ಡೂ ತಗೊಳ್ಳಿಲ್ಲ, ಮೇಲೆ ಇದನ್ನ ಬೇರೆ ಕೊಟ್ಲು. ಅವಳು ಹೋಗಿ ಎಷ್ಟೋ ವರ್ಷ ಆಯ್ತು. ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ.”

ಆಸ್ಪತ್ರೆಗೆ ಫೋನ್ ಮಾಡಿ ಅರ್ಧ ದಿನ ರಜೆ ಹೇಳಿದರು. ನಿಧಿಯನ್ನು ಶಾಲಾ ರಜೆಯ ಶಿಬಿರಕ್ಕೆ ಬಿಟ್ಟು, ಸದರ್ನ್ ಕ್ರಾಸ್‌ಗೆ ಹೋಗುವ ಮೊದಲು ಇಬ್ಬರೂ ಕೌಂಟರಿಗೆ ಹೋದೆವು. ಅದೇ ಸಿಬ್ಬಂದಿ ಇದ್ದರು. ಡಬ್ಬಿ ಬಂದಿರಲಿಲ್ಲ. ಆಂಟಿ ಒಂದು ಚೀಟಿಯ ಮೇಲೆ ಗಂಗಮ್ಮನ ಹೆಸರನ್ನು ಕನ್ನಡದಲ್ಲಿ, ಮುಚ್ಚಳದ ಮೇಲಿದ್ದಂತೆಯೇ ಚುಕ್ಕಿ ಚುಕ್ಕಿಯಾಗಿ ಬರೆದು ಕೊಟ್ಟರು. ಸಿಬ್ಬಂದಿ ಅದನ್ನು ಗೋಡೆಗೆ ಅಂಟಿಸಿ, ಈ ಅಕ್ಷರಗಳನ್ನು ಬೇರೆ ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳಲು ಸಾಧ್ಯವಿಲ್ಲ ಎಂದು ಭರವಸೆ ಕೊಟ್ಟರು. ಮುಂದಿನ ಸೋಮವಾರ ಮತ್ತೆ ಬರುತ್ತೇನೆ ಎಂದು ಆಂಟಿ ತಿಳಿಸಿದರು. ಅದು ಕೇಳಿಕೆಯಂತಿರಲಿಲ್ಲ.

ರೈಲು ಹೊರಟಾಗ ಆಂಟಿ ಪ್ಲಾಟ್‌ಫಾರ್ಮಿನಲ್ಲಿ ಕೈ ಬೀಸುತ್ತ ನಿಂತಿದ್ದರು. ಹೊರವಲಯದ ಗೋದಾಮುಗಳು ಮುಗಿದು ಒಣ ಬಯಲು ಶುರುವಾಗುವವರೆಗೂ ನಾನು ಹಿಂದಕ್ಕೇ ನೋಡುತ್ತಿದ್ದೆ. ನನಗೆ ಸೆಪ್ಟೆಂಬರಿನಲ್ಲಿ ಪದವಿ ದೊರೆಯಿತು. ಉಡುಗೊರೆಯಾಗಿ ಸುಮಾ ಆಂಟಿ ಒಂದು ಸ್ಟೀಲ್ ಡಬ್ಬಿ ಕಳಿಸಿದರು. ಮೇಲೆ ಅವರ ಹೆಸರಿದೆ. ಗಂಗಮ್ಮನ ಡಬ್ಬಿ ಇದನ್ನು ಬರೆಯುವವರೆಗೂ ಸಿಕ್ಕಿಲ್ಲ. ಆಂಟಿ ಈಗಲೂ ನಗರಕ್ಕೆ ಹೋದಾಗಲೆಲ್ಲ ಕೌಂಟರಿನಲ್ಲಿ ವಿಚಾರಿಸುತ್ತಾರೆ, ಕಪಾಟಿನಲ್ಲಿ ಜಾಗ ಹಾಗೆಯೇ ಇದೆ. ಆದ್ದರಿಂದ ಆ ಡಬ್ಬಿ ಯಾರ ಕೈಯಲ್ಲಿದ್ದರೂ ಇಂದಿಗೂ ಸುಮಾ ಆಂಟಿಯದೇ.

ಹೆನ್ರಿ ಇದನ್ನು ಇನ್ನೂ ಒಪ್ಪಿಲ್ಲ.